ತೋಪು ದಾಟದ ಸೇತುವೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಅದು ಹಳೆಯ ಮಾತೇ ಆಗಿದ್ದ ಕಾಲದಲ್ಲಿ, ಮಸಿಹಳ್ಳದ ದಂಡೆಯ ಮೇಲೆ ಒಂದೂರು ಇತ್ತಂತೆ. ಊರಿನ ಹೆಸರು ನೆಲಗುಂಟಿ. ಈ ಊರೇ. ಆಗ ಇಷ್ಟು ಮನೆಗಳಿರಲಿಲ್ಲ, ಇಷ್ಟು ಬಾಯಿಗಳೂ ಇರಲಿಲ್ಲ. ಕೈ ಶೇಂಗಾ ಸುಲಿಯುತ್ತಿರಲಿ, ಕಿವಿ ಮಾತ್ರ ಇತ್ತ ಕೊಡಿ. ನಡುವೆ ಬಾಯಿ ಹಾಕಿದವರಿಗಾಗಿ ಮತ್ತೆ ಮೊದಲಿನಿಂದ ಹೇಳುವಷ್ಟು ಉಸಿರು ನನ್ನಲ್ಲಿಲ್ಲ.

ಆ ಕಾಲದಲ್ಲಿ ಮಸಿಹಳ್ಳ ಬರೀ ಹಳ್ಳವಾಗಿರಲಿಲ್ಲ, ಗಡಿಯಾಗಿತ್ತು. ಈಚೆ ದಂಡೆ ಒಬ್ಬ ರಾಜನದು, ಆಚೆ ದಂಡೆ ಇನ್ನೊಬ್ಬನದು. ನಡುವಿನ ನೀರು ಯಾರದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಜನ ರಾಜರನ್ನು ಕೇಳಿ ಬೀಗತನ ಮಾಡುತ್ತಾರೆಯೇ? ನೆಲಗುಂಟಿಯ ಹುಡುಗಿಯರು ಆಚೆ ಹಿರೇಕವಲಿಗೆ ಸೊಸೆಯರಾಗಿ ಹೋಗುತ್ತಿದ್ದರು, ಹಿರೇಕವಲಿಯ ಹುಡುಗಿಯರು ಇಲ್ಲಿಗೆ ಬರುತ್ತಿದ್ದರು. ಬೇಸಿಗೆಯಲ್ಲಿ, ಹಳ್ಳ ಆಳವಿಲ್ಲದ ಕಡೆ, ಗಾಡಿ ಇಳಿಸಿ ಹತ್ತಿಸುತ್ತಿದ್ದರು. ಮಳೆಗಾಲದಲ್ಲಿ ಈ ದಂಡೆಯಿಂದ ಆ ದಂಡೆಗೆ ಕೂಗಿ ಸುಖದುಃಖ ವಿಚಾರಿಸುತ್ತಿದ್ದರು.

ಆ ಊರಲ್ಲಿ ಮೌನಪ್ಪ ಅಂತ ಒಬ್ಬ ಬಡಿಗ ಇದ್ದನಂತೆ. ಅವನು ಮಾಡಿದ ನೊಗಕ್ಕೆ ಎತ್ತುಗಳು ತಾವೇ ಬಂದು ಹೆಗಲು ಕೊಡುತ್ತಿದ್ದವಂತೆ. ನಿಂತ ಮರಕ್ಕೆ ಕಿವಿ ಹಚ್ಚಿ, ಒಳಗೆ ಗಟ್ಟಿಯೋ ಟೊಳ್ಳೋ ಹೇಳುತ್ತಿದ್ದನಂತೆ. ಅವನು ಕೂಡಿಸಿದ ಬಾಗಿಲ ಸಂದಿನಲ್ಲಿ ಇರುವೆ ಕೂಡ ನುಗ್ಗಲಾರದೆ ಸುತ್ತು ಹಾಕಿ ಹೋಗುತ್ತಿತ್ತಂತೆ. ಇರುವೆಯ ಮಾತು ನಾನು ನಂಬುವುದಿಲ್ಲ. ಉಳಿದದ್ದನ್ನು ನಂಬುತ್ತೇನೆ.

ಮೌನಪ್ಪನ ಹತ್ತಿರ ಅಪ್ಪನಿಂದ ಬಂದ ಒಂದು ಕೋಲಿತ್ತು. ಅಚ್ಚುಕೋಲು ಅನ್ನುತ್ತಿದ್ದರು, ಎರಡೂ ದಂಡೆಗೆ ಅದೊಂದೇ. ಗಾಡಿಯ ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ಎಷ್ಟು ಅಂತರ ಇರಬೇಕೋ ಅಷ್ಟೇ ಉದ್ದದ ಕೋಲು. ನಮ್ಮದು ಎರೆಭೂಮಿ, ನಿಮಗೆ ಗೊತ್ತೇ ಇದೆ. ಮಳೆಯಲ್ಲಿ ಗಾಲಿ ಇಳಿದ ಜಾಡು ಬೇಸಿಗೆಯಲ್ಲಿ ಕಲ್ಲಾಗಿ ನಿಲ್ಲುತ್ತದೆ, ಮೊಣಕಾಲುದ್ದ. ಎಲ್ಲ ಗಾಡಿಗಳೂ ಒಂದೇ ಅಗಲ ಇದ್ದರೆ ಮಾತ್ರ ಗಾಲಿ ಜಾಡಿನಲ್ಲಿ ಕೂಡುತ್ತದೆ. ಒಂದು ಬೆರಳು ಹೆಚ್ಚುಕಡಿಮೆಯಾದರೆ ಗಾಡಿ ಮಗುಚುತ್ತದೆ. ಅದಕ್ಕೇ ಎರಡೂ ದಂಡೆಯ ಬಡಿಗರ ಹಿರಿಯರು ಒಂದು ದಿನ ಕೂಡಿ, ತಮ್ಮ ತಾಯಿ ಕಾಳಿಕಾದೇವಿಯ ಮುಂದೆ ಉಳಿ ಮುಟ್ಟಿ, ಈ ಅಗಲ ಬಿಟ್ಟು ಬೇರೆ ಅಗಲಕ್ಕೆ ಕೈ ಹಚ್ಚುವುದಿಲ್ಲ ಅಂತ ಆಣೆ ಮಾಡಿದ್ದರಂತೆ. ರಾಜರು ಬೇರೆ, ನಾಣ್ಯ ಬೇರೆ, ಕಂದಾಯ ಬೇರೆ. ಗಾಡಿಯ ಜಾಡು ಮಾತ್ರ ಎರಡೂ ಕಡೆ ಒಂದೇ.

ಮೌನಪ್ಪನ ಹೆಂಡತಿ ಹಿರೇಕವಲಿಯವಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು ಅನ್ನುವಷ್ಟರಲ್ಲಿ ಹಳ್ಳ ತುಂಬಿ ಬಂತು. ನೀರು ಇಳಿಯಲೇ ಇಲ್ಲ. ಅವಳು ಇಲ್ಲೇ ನೋವು ತಿಂದಳು. ಅವಳ ತಾಯಿ ಆಚೆ ದಂಡೆಯಲ್ಲಿ ನಿಂತು ಹಾಗೆ ಮಾಡು, ಹೀಗೆ ಮಾಡು ಅಂತ ಗಂಟಲು ಹರಿಯುವಂತೆ ಕೂಗುತ್ತಿದ್ದಳಂತೆ. ನೀರಿನ ಸದ್ದಿನಲ್ಲಿ ಒಂದು ಮಾತೂ ಕೇಳಲಿಲ್ಲ. ಹೆಣ್ಣು ಮಗು ಹುಟ್ಟಿತು, ಮೂರನೆಯ ದಿನ ತಾಯಿ ಹೋದಳು. ಆ ಮಗುವಿಗೆ ಕಾಳಮ್ಮ ಅಂತ ಹೆಸರಿಟ್ಟು ಮೌನಪ್ಪ ಒಬ್ಬನೇ ಸಾಕಿದ. ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ.

ಕಾಳಮ್ಮ ಬೆಳೆದಳು. ಅವಳನ್ನೂ ಹಿರೇಕವಲಿಗೇ ಕೊಟ್ಟರು. ಮದುವೆಯ ಮರುದಿನವೇ ಮೌನಪ್ಪ ತೊಟ್ಟಿಲು ಕೆತ್ತಲು ಕೂತನಂತೆ. ಮಗಳ ಕೈಯ ಅರಿಶಿನ ಇನ್ನೂ ಹೋಗಿಲ್ಲ, ಇವನಿಗೆ ಮೊಮ್ಮಕ್ಕಳ ಆತುರ ನೋಡು ಅಂತ ಊರೆಲ್ಲ ನಕ್ಕಿತು. ಅವನು ತಲೆ ಎತ್ತಲಿಲ್ಲ. ಮಗಳನ್ನು ಕಳಿಸುವಾಗ ಮಾತ್ರ ಒಂದು ಮಾತು ಕೊಟ್ಟಿದ್ದ. ಚೊಚ್ಚಲ ಬಾಣಂತನ ನನ್ನ ಮನೆಯಲ್ಲೇ ಆಗಬೇಕು, ಹಳ್ಳ ತುಂಬಿದರೂ ಬಾನು ಬಿದ್ದರೂ ನಿನ್ನನ್ನು ಕರೆತರುತ್ತೇನೆ ಅಂತ.

ಕಾಳಮ್ಮ ಬಸುರಾಗಿ ಏಳು ತಿಂಗಳು ತುಂಬಿತು. ಹಸಿರು ಸೀರೆ ಉಡಿಸಿ ಕುಬಸ ಮಾಡಿ ಕರೆತರಬೇಕು, ಆ ವಾರವೇ ಯುದ್ಧ ಶುರುವಾಯಿತು. ರಾಜರ ಜಗಳಕ್ಕೆ ಮುಹೂರ್ತ ಕೆಟ್ಟದ್ದೇ ಸಿಗುತ್ತದೆ. ಹಳ್ಳದ ಎರಡೂ ಕಡೆ ಕಾವಲು ಬಿತ್ತು. ದಾಟಿದವರನ್ನು ಬೇಹುಗಾರರು ಅಂತ ಹಿಡಿದು ತಲೆ ತೆಗೆದರು. ಮೌನಪ್ಪ ಹಸಿರು ಸೀರೆಯನ್ನು ಮಡಿಚಿ ತೊಟ್ಟಿಲಲ್ಲಿಟ್ಟು, ತೊಟ್ಟಿಲನ್ನು ಅಟ್ಟಕ್ಕೇರಿಸಿ, ದಿನಾ ಸಂಜೆ ದಂಡೆಗೆ ಹೋಗಿ ನಿಲ್ಲುತ್ತಿದ್ದನಂತೆ. ಆಚೆ ಕಡೆ ಹಿರೇಕವಲಿಯ ಒಲೆಗಳ ಹೊಗೆ ಕಾಣುತ್ತಿತ್ತು. ಅದರಲ್ಲಿ ಮಗಳ ಮನೆಯ ಹೊಗೆ ಯಾವುದು ಅಂತ ಅವನಿಗೆ ಗೊತ್ತಿತ್ತಂತೆ.

ಕಾಳಮ್ಮನಿಗೆ ಒಂಬತ್ತು ಬಿದ್ದಾಗ ಈ ಕಡೆಯ ರಾಜನ ದಂಡು ಬಂದು ನಮ್ಮೂರ ಹೊರಗೆ ಡೇರೆ ಹೊಡೆಯಿತು. ದಂಡಿನ ದಳವಾಯಿ ಮೌನಪ್ಪನನ್ನು ಹಿಡಿತರಿಸಿ ಹೇಳಿದನಂತೆ, ಈ ಹಳ್ಳಕ್ಕೆ ಸೇತುವೆ ಬೇಕು, ಏಳು ದಿನದಲ್ಲಿ ಬೇಕು, ಹತ್ತು ಜೋಡಿ ಎತ್ತುಗಳ ಭಾರ ತಡೆಯಬೇಕು, ಇಲ್ಲದಿದ್ದರೆ ತಲೆ ಇರುವುದಿಲ್ಲ ಅಂತ. ಮೌನಪ್ಪ ಹೂಂ ಅಂದ. ಅಷ್ಟು ಬೇಗ ಹೂಂ ಅಂದದ್ದು ನೋಡಿ ದಳವಾಯಿಗೇ ಆಶ್ಚರ್ಯವಾಯಿತಂತೆ. ಅವನಿಗೇನು ಗೊತ್ತು? ಮೌನಪ್ಪನ ಮನಸ್ಸಿನಲ್ಲಿ ದಂಡೂ ಇರಲಿಲ್ಲ, ರಾಜನೂ ಇರಲಿಲ್ಲ. ದಂಡು ಒಮ್ಮೆ ದಾಟಿ ಮುಂದೆ ಹೋಗಲಿ, ಅದೇ ಸೇತುವೆಯ ಮೇಲೆ ಮಗಳು ಬರುತ್ತಾಳೆ ಅನ್ನುವುದೊಂದೇ ಇತ್ತು.

ಊರ ಬೀದಿಯ ಏಳು ಬೇವಿನ ಮರ ಕಡಿದರು. ಆ ನೆರಳು ಹೋದದ್ದಕ್ಕೆ ಹೆಂಗಸರು ತಿಂಗಳುಗಟ್ಟಲೆ ದಂಡಿಗೆ ಶಾಪ ಹಾಕಿದರಂತೆ. ಇಷ್ಟು ದೊಡ್ಡ ದಂಡು ಕಂಡು ಆಚೆಯ ಕಾವಲಿನವರು ಹಿಂದಕ್ಕೆ ಸರಿದಿದ್ದರು. ಮೌನಪ್ಪ ಎರಡು ದೊಡ್ಡ ತೊಲೆಗಳನ್ನು ದಂಡೆಯಿಂದ ದಂಡೆಗೆ ಚಾಚಿದ. ಅವುಗಳ ನಡುವೆ ಹಲಗೆ ಕೂಡಿಸಿದ. ತೊಲೆಗಳು ಹಲಗೆಗಿಂತ ಮೊಳದೆತ್ತರ ಮೇಲೆದ್ದು ಎರಡೂ ಪಕ್ಕ ಗೋಡೆಯಂತೆ ನಿಂತವು. ಕಬ್ಬಿಣದ ಒಂದು ಮೊಳೆ ಇಲ್ಲ, ಎಲ್ಲ ಜಾಲಿಯ ಬೆಣೆ.

ಐದನೆಯ ದಿನ ಕಂಬಾರ ಬಾಳಪ್ಪ ಓಡಿ ಬಂದ. ಮೌನಪ್ಪನ ಕುಲುಮೆಯ ಗೆಳೆಯ ಅವನು, ದಂಡಿನ ಎತ್ತುಗಳಿಗೆ ಲಾಳ ಹೊಡೆಯಲು ಹೋಗಿದ್ದ. ಹಿಂದಿನಿಂದ ತೋಪುಗಳು ಬರುತ್ತಿವೆ, ಎರಡು ದಿನದ ದಾರಿಯಲ್ಲಿವೆ, ಒಂದೊಂದಕ್ಕೆ ಹತ್ತು ಜೋಡಿ ಎತ್ತು, ಹಳ್ಳಕ್ಕಿಳಿಸಿದರೆ ಹೂತುಹೋಗುತ್ತವೆ ಅಂತಲೇ ಈ ಸೇತುವೆ, ದಾಟಿದ ಕೂಡಲೇ ಮೊದಲು ಉಡಾಯಿಸುವುದು ಹಿರೇಕವಲಿಯನ್ನು ಅಂತ ಹೇಳಿದ. ಮೌನಪ್ಪನಿಗೆ ಆವರೆಗೆ ತೋಪು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಬಾಚಿ ಕೆಳಗಿಟ್ಟು ಹಲಗೆಯ ಮೇಲೆ ಕೂತುಬಿಟ್ಟನಂತೆ. ಮಗಳನ್ನು ತರಲು ಅಂತ ಕಟ್ಟಿದ ದಾರಿಯಲ್ಲಿ ಮಗಳ ಸಾವು ಹೊರಟಿತ್ತು. ನಿಲ್ಲಿಸಿದರೆ ಇವನ ತಲೆ ಹೋಗುತ್ತದೆ, ಇನ್ನೊಬ್ಬ ಬಡಿಗ ಬಂದು ಮುಗಿಸುತ್ತಾನೆ. ಮುಂದುವರಿಸಿದರೆ ಹಿರೇಕವಲಿ ಉಳಿಯುವುದಿಲ್ಲ. ಏನು ಮಾಡಬೇಕು ಹೇಳಿ. ನೀವಾದರೆ ಏನು ಮಾಡುತ್ತಿದ್ದಿರಿ?

ಆರನೆಯ ದಿನ ಮೌನಪ್ಪ ಬೆಣೆಗೆ ಒಳ್ಳೆಯ ಜಾಲಿ ಬೇಕು ಅಂತ ಹೇಳಿ, ಅಚ್ಚುಕೋಲು ಹೆಗಲಿಗೇರಿಸಿ, ಬೆಳಗಾಗುತ್ತಲೇ ತೋಪು ಬರುವ ದಾರಿಯ ಕಡೆ ಹೊರಟನಂತೆ. ಹೊತ್ತು ಮುಳುಗುವಾಗ ಬಂದ. ಕೈಯಲ್ಲಿ ಹನ್ನೆರಡು ಬೆಣೆ. ಏಳನೆಯ ದಿನ ಹಲಗೆಗಳನ್ನೆಲ್ಲ ಬಡಿದು ಮುಗಿಸಿ, ಈಚೆ ತುದಿಯ ತೊಲೆಯ ಮೇಲೆ ತನ್ನ ಬಲಗೈ ಅಗಲಿಸಿಟ್ಟು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣಿನ ಗುರುತು ಕೆತ್ತಿದ. ದಳವಾಯಿ ಬಂದು ಹತ್ತು ಜೋಡಿ ಎತ್ತು ಹಾಯಿಸಿ ನೋಡಿದ. ಸೇತುವೆ ಕಿರ್ ಅನ್ನಲಿಲ್ಲ. ಭಲೇ ಅಂದನಂತೆ.

ಮರುದಿನ ತೋಪು ಬಂತು. ಹಿರೇಕವಲಿಯವರು ಆಚೆ ದಂಡೆಯ ಹಿಂದಿನ ದಿಬ್ಬದಲ್ಲಿ ನಿಂತು ನೋಡುತ್ತಿದ್ದರಂತೆ, ನಮ್ಮೂರವರು ಈಚೆ ನಿಂತಿದ್ದರಂತೆ. ಮೊದಲ ತೋಪಿನ ಎತ್ತುಗಳು ಸೇತುವೆ ಹತ್ತಿದವು. ಹಿಂದೆ ಗಾಲಿ ಬಂತು. ಬಂದು ತೊಲೆಗೆ ಧಡ್ ಅಂತ ಬಡಿಯಿತು. ಹಿಂದಕ್ಕೆಳೆದು ಮತ್ತೆ ನೂಕಿದರು, ಮತ್ತೆ ಬಡಿಯಿತು. ತೋಪಿನ ಗಾಲಿ ಸೇತುವೆಗಿಂತ ಒಂದು ಗೇಣು ಅಗಲ. ಪಕ್ಕದ ತೊಲೆ ಕಡಿದು ಹಾಕೋಣ ಅಂದರೆ ಇಡೀ ಸೇತುವೆ ನಿಂತದ್ದೇ ಆ ತೊಲೆಗಳ ಮೇಲೆ.

ದಳವಾಯಿ ಕೆಂಡವಾದ. ಮೌನಪ್ಪನನ್ನು ಎಳೆತರಿಸಿ ಮೊಣಕಾಲ ಮೇಲೆ ಕೂರಿಸಿ, ಇದೇನು ಅಂತ ಕೇಳಿದ. ಮೌನಪ್ಪ ಜೀವಮಾನದಲ್ಲಿ ಆಡಿದ ಅತಿ ಉದ್ದದ ಮಾತು ಅದೇ ಅಂತೆ.

"ಭಾರ ಹೇಳಿದ್ರಿ, ದಿನ ಹೇಳಿದ್ರಿ. ಅಗಲ ಹೇಳಲಿಲ್ರಿ. ಅಗಲ ನಮ್ಮ ಹಿರ್ಯಾರು ಹೇಳಿಟ್ಟು ಹೋಗ್ಯಾರ್ರಿ."

ಅಂದು ಅಚ್ಚುಕೋಲನ್ನು ಮುಂದಿಟ್ಟ. ದಳವಾಯಿ ಊರ ಗಾಡಿಯೊಂದನ್ನು ತರಿಸಿದ. ಅದು ಎರಡೂ ಪಕ್ಕ ಒಂದೊಂದು ಬೆರಳು ಬಿಟ್ಟು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ದಂಡಿನಲ್ಲಿದ್ದ ಸಿಪಾಯಿಗಳೂ ಒಕ್ಕಲುಮಕ್ಕಳೇ ಅಲ್ಲವೇ, ಮೊದಲು ಒಬ್ಬ ನಕ್ಕ, ಆಮೇಲೆ ಸಾಲುಸಾಲಾಗಿ ನಕ್ಕರಂತೆ.

ಮೌನಪ್ಪನಿಗೆ ಬೇರೆ ಅಗಲ ಅಂತ ಇರುತ್ತದೆ ಅನ್ನುವುದೇ ಹೊಳೆದಿರಲಿಲ್ಲ, ಅದು ಅಮಾಯಕನ ತಪ್ಪು ಅಂತ ಕೆಲವರು ಹೇಳುತ್ತಾರೆ. ಹೇಳಲಿ. ಹನ್ನೆರಡು ಬೆಣೆಗೆ ಇಡೀ ದಿನ ಬೇಕೇ? ಬೆಣೆ ತರಲು ಹೋಗುವವನು ಅಚ್ಚುಕೋಲು ಯಾಕೆ ಒಯ್ಯುತ್ತಾನೆ? ಅವನು ತೋಪಿನ ಗಾಲಿ ಅಳೆದು ಬಂದು, ಆಣೆಯ ಅಗಲವನ್ನು ಹಾಗೇ ಬಿಟ್ಟ. ಇದು ನನ್ನ ಮಾತು, ಬೇಕಾದರೆ ಇಟ್ಟುಕೊಳ್ಳಿ.

ದಳವಾಯಿ ಅಚ್ಚುಕೋಲನ್ನು ಮೊಣಕಾಲಿಗೆ ಹಾಕಿ ಮುರಿದು ಹಳ್ಳಕ್ಕೆ ಎಸೆದ. ಸೇತುವೆಗೆ ಬೆಂಕಿ ಇಡಿ ಅಂದ. ಮೂರು ಸಲ ಇಟ್ಟರು, ಮೂರು ಸಲವೂ ಆರಿತು. ಪವಾಡ ಅನ್ನುವವರಿದ್ದಾರೆ. ಹಸಿ ಬೇವು ಹತ್ತುತ್ತದೆಯೇನ್ರವ್ವಾ? ಹೊಗೆಯಿಂದ ದಳವಾಯಿಯ ಕಣ್ಣಲ್ಲೇ ನೀರು ಬಂತು. ಅಷ್ಟರಲ್ಲಿ ಕೆಳಗೆ ಮೂರು ದಿನದ ದಾರಿಯಲ್ಲಿ ವೈರಿ ಸೇರುತ್ತಿದ್ದಾನೆ ಅಂತ ಸುದ್ದಿ ಬಂತು, ದಂಡು ಈಚೆಯ ಕಾವಲನ್ನೂ ಕೂಡಿಸಿಕೊಂಡು ತೋಪು ತಿರುಗಿಸಿ ಅತ್ತ ಹೊರಟಿತು. ಇವನ ತಲೆ ತೆಗೆದರೆ ನಗುವ ಸಿಪಾಯಿಗಳು ತಿರುಗಿ ಬಿದ್ದಾರು ಅಂತಲೋ ಏನೋ, ತೋಪಿನ ಗಾಲಿ ಎಷ್ಟಗಲ ಅಂತ ದಂಡಿನ ಜೊತೆ ನಡೆದು ಕಲಿಯಲಿ ಎಂದು ಮೌನಪ್ಪನನ್ನು ಕಟ್ಟಿ ಕರೆದೊಯ್ದರು.

ಹೋಗುವಾಗ ಅವನು ಅಳಲಿಲ್ಲವಂತೆ. ಬಾಳಪ್ಪನನ್ನು ನೋಡಿ, "ತೊಟ್ಟಿಲು ಅಟ್ಟದ ಮ್ಯಾಲ ಐತಿ. ಕಾಳಿ ಬಂದ್ರ ಇಳಿಸಿ ಕೊಡು," ಅಂದನಂತೆ. ಮಗಳಿಗೆ ಕೊಟ್ಟ ಮಾತಿನಲ್ಲಿ ಅವನ ಕೈಯಲ್ಲಿ ಉಳಿದದ್ದು ಅಷ್ಟೇ.

ಈಗ ಆಚೆ ಕಡೆಯ ಸರದಾರ ಬಂದ. ಈ ಸೇತುವೆ ಕಡಿದು ಹಾಕಬೇಕೇ ಬಿಡಬೇಕೇ ಅಂತ ಕೈಯಿಂದ ಅಳೆದು ನೋಡಿದ. ಅವನೂ ಈ ಸೀಮೆಯವನೇ. ನಕ್ಕು ಹೇಳಿದನಂತೆ, "ಇದರ ಮ್ಯಾಲ ಯುದ್ಧ ಬರೂದಿಲ್ಲ. ಬಂದ್ರ ಬೀಗರು ಬರ್ತಾರ." ಅಂದು ಇಲ್ಲಿನ ಕಾವಲು ಕಿತ್ತು ಕೆಳಗೆ ಕಳಿಸಿದ. ಗಡಿಯಲ್ಲಿ ಯಾರಿಗೂ ಬೇಡವಾದ ಒಂದು ಸೇತುವೆ ಉಳಿಯಿತು.

ಯಾರಿಗೂ ಬೇಡವಾದದ್ದು ಕಾಳಮ್ಮನಿಗೆ ಬೇಕಾಗಿತ್ತು. ದಂಡು ಹೋದ ನಾಲ್ಕನೆಯ ದಿನ ಅವಳ ಅತ್ತೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದಳು. ತುಂಬಿದ ಬಸುರಿ. ಹಳ್ಳಕ್ಕಿಳಿದು ಹತ್ತುವ ಕುಲುಕಾಟಕ್ಕೆ ಅವಳು ಉಳಿಯುತ್ತಿರಲಿಲ್ಲ ಅನ್ನುತ್ತಾರೆ. ಸೇತುವೆಯ ಮೇಲೆ ಅವಳ ತೊಡೆಯ ಮೇಲಿಟ್ಟ ತಂಬಿಗೆಯ ನೀರು ತುಳುಕಲಿಲ್ಲವಂತೆ. ನಡುವೆ ಗಾಡಿ ನಿಲ್ಲಿಸಿ ಅಂದಳು. ಇಳಿದು ತೊಲೆಯನ್ನು ಸವರಿದಳು. ಅಪ್ಪನ ಕೈಕೆಲಸ ಅವಳಿಗೆ ಕಣ್ಣು ಮುಚ್ಚಿದರೂ ಗುರುತು ಸಿಗುತ್ತಿತ್ತು. ಉಳಿದಷ್ಟು ಹೆಜ್ಜೆ ನಗುನಗುತ್ತಾ ನಡೆದೇ ಬಂದಳು. ಈಚೆ ದಂಡೆಯಲ್ಲಿ ಊರೆಲ್ಲ ನಿಂತಿತ್ತು.

"ನಮ್ಮಪ್ಪ ಎಲ್ಲಿ?" ಅಂದಳು.

ಬಾಳಪ್ಪನ ಹೆಂಡತಿ ಸಂಗವ್ವ ಮುಂದೆ ಬಂದು ಅವಳ ಕೈ ಹಿಡಿದುಕೊಂಡಳು. ಕಾಳಮ್ಮ ತೊಲೆಯ ಮೇಲಿನ ಗೇಣಿನ ಗುರುತಿನಲ್ಲಿ ತನ್ನ ಕೈ ಇಟ್ಟಳು. ಅವಳ ಕೈಗೆ ಅದು ದೊಡ್ಡದಾಯಿತು. ಆಗ ಅತ್ತಳಂತೆ. ಸ್ವಲ್ಪ ನೀರು ಕೊಡಿ.

ಐದನೆಯ ದಿನ ಹೆರಿಗೆಯಾಯಿತು, ಹೆಣ್ಣು. ಬಾಳಪ್ಪ ಅಟ್ಟದಿಂದ ತೊಟ್ಟಿಲು ಇಳಿಸಿದ. ಸಂಗವ್ವ ಬಾಣಂತನ ಮಾಡಿದಳು. ಐದು ತಿಂಗಳು ತುಂಬಿದ ಮೇಲೆ ಕಾಳಮ್ಮ ಗಂಡನ ಮನೆಗೆ ಹೋದಳು, ಅದೇ ಸೇತುವೆಯ ಮೇಲೆ. ಆದರೆ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದು, ಕೊಳೆತ ಹಲಗೆ ಒಂದನ್ನು ಕಿತ್ತು ಹೊಸ ಹಲಗೆ ಕೂಡಿಸುತ್ತಿದ್ದಳಂತೆ. ಬಾಚಿ ಹಿಡಿಯುವುದು ಅಪ್ಪನನ್ನು ನೋಡಿಯೇ ಕಲಿತದ್ದು. ಹೆಂಗಸು ಬಾಚಿ ಹಿಡಿದರೆ ಮಳೆ ಬರುವುದಿಲ್ಲ ಅಂತ ಒಬ್ಬಿಬ್ಬರು ಗೊಣಗಿದರು. ಆ ವರ್ಷ ಮಳೆ ಹೊಯ್ದು ಅವರ ಮನೆಯ ಗೋಡೆಯೇ ಬಿತ್ತಂತೆ.

ಯುದ್ಧ ಮುಗಿಯಿತು. ರಾಜರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ಮೌನಪ್ಪ ಬರಲಿಲ್ಲ. ಅವನ ಸುದ್ದಿ ಮಾತ್ರ ಬರುತ್ತಿತ್ತು. ದೂರದ ಸೀಮೆಗೆ ಹೋದವರು ಬಂದು, ಅಲ್ಲೊಂದು ಹಳ್ಳಕ್ಕೆ ಇದೇ ಅಗಲದ ಸೇತುವೆ ಕಂಡೆವು, ಅಲ್ಲೂ ತೋಪು ಸಿಕ್ಕಿಕೊಂಡಿತ್ತಂತೆ ಅನ್ನುತ್ತಿದ್ದರು. ಇನ್ನೊಬ್ಬರು ಇನ್ನೊಂದು ಕಡೆ ಕಂಡೆ ಅನ್ನುತ್ತಿದ್ದರು. ಹೀಗೆ ಐದಾಯಿತು, ಏಳಾಯಿತು, ನಮ್ಮಜ್ಜಿಯ ಕಾಲಕ್ಕೆ ಹನ್ನೊಂದಾಗಿತ್ತು. ಇಷ್ಟು ಸಲ ಮೋಸ ಹೋಗುವ ದಳವಾಯಿ ಎಲ್ಲಿಯಾದರೂ ಇರುತ್ತಾನೆಯೇ? ಆದರೆ ಕೇಳಲು ಚೆಂದ, ನಾನೂ ಒಂದು ಸೇರಿಸಿ ಹನ್ನೆರಡು ಅಂತಲೇ ಹೇಳುತ್ತೇನೆ.

ಗಡಿ ಮುಂದೆಯೂ ಎಷ್ಟೋ ಕಾಲ ಇತ್ತು. ವ್ಯಾಪಾರದ ದೊಡ್ಡ ಬಂಡಿ ಹೋಗಲಿ ಅಂತ ಅಧಿಕಾರಿಗಳು ಸೇತುವೆ ಅಗಲ ಮಾಡಲು ಬಂದಾಗ ಕಾಳಮ್ಮ ನಡುವೆ ಹೋಗಿ ಕೂತಳಂತೆ. ಅಪ್ಪ ಬಂದಾಗ ತನ್ನ ಕೆಲಸ ತಾನೇ ಗುರುತು ಹಿಡಿಯಬೇಕು, ಒಂದು ಬೆರಳು ಹೆಚ್ಚಿಸಬೇಡಿ ಅಂದಳಂತೆ. ಎರಡೂ ದಂಡೆಯ ಬಡಿಗರು ಅವಳ ಹಿಂದೆ ನಿಂತರು. ಅಚ್ಚುಕೋಲು ಹಳ್ಳದಲ್ಲಿ ಹೋಗಿತ್ತಲ್ಲ, ಅಳತೆ ಉಳಿದದ್ದು ಸೇತುವೆಯಲ್ಲಿ ಮಾತ್ರ. ಹೊಸ ಗಾಡಿ ಮಾಡುವವರು ಅಲ್ಲಿಗೇ ಬಂದು ಅಗಲ ಹಿಡಿಯಬೇಕಿತ್ತು.

ಕಾಳಮ್ಮನ ತಲೆ ಬೆಳ್ಳಗಾಯಿತು. ಗಂಡ ತೀರಿಕೊಂಡ ಮೇಲೆ ತವರುಮನೆಗೇ ಬಂದು ನೆಲೆಸಿದಳು. ಒಂದು ಮಧ್ಯಾಹ್ನ ಅವಳು ಹಲಗೆ ಕೂಡಿಸುತ್ತಿರುವಾಗ ಆಚೆ ದಂಡೆಯಿಂದ ಒಬ್ಬ ಮುದುಕ ಬಂದನಂತೆ. ಬಾಗಿದ ಬೆನ್ನು, ಎದೆಯವರೆಗೆ ಗಡ್ಡ, ಒಂದು ಕಣ್ಣಿಗೆ ಪೊರೆ. ಸೇತುವೆ ದಾಟಿ, ಈಚೆ ತುದಿಯಲ್ಲಿ ನಿಂತು, ಗೇಣಿನ ಗುರುತಿನ ಮೇಲೆ ಬಲಗೈ ಇಟ್ಟ. ಬೆರಳು ಮುದುಡಿದ್ದವು. ಅಗಲಿಸಲು ನೋಡಿದ, ಆಗಲಿಲ್ಲ. ಕಾಳಮ್ಮ ಬಾಚಿ ಹಿಡಿದವಳು ಹಾಗೇ ನೋಡುತ್ತಿದ್ದಳು. ಮೂವತ್ತು ವರ್ಷಕ್ಕೆ ಮನುಷ್ಯನ ಮುಖ ಎಷ್ಟು ಉಳಿಯುತ್ತದೆ?

"ಊಟ ಆಗೈತೇನ್ರಿ?" ಅಂದಳು.

ಮುದುಕ ಇಲ್ಲ ಅಂತ ತಲೆ ಅಲ್ಲಾಡಿಸಿದ. ಮನೆಗೆ ಕರೆದೊಯ್ದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ಎರಡು ರೊಟ್ಟಿ ಉಂಡ. ತೊಟ್ಟಿಲಲ್ಲಿ ಕಾಳಮ್ಮನ ಮೊಮ್ಮಗಳು ಮಲಗಿತ್ತು, ಅದನ್ನು ಒಂದು ಸಲ ತೂಗಿದ. ಆಮೇಲೆ ಕೋಲು ಹಿಡಿದು ಎದ್ದ. ಕಾಳಮ್ಮ ಸೇತುವೆಯವರೆಗೆ ಕಳಿಸಲು ಹೋದಳು. ಅವನು ನಡುವೆ ಕುಕ್ಕರಿಸಿ ಕೂತು, ಅವಳು ಆಗಷ್ಟೇ ಹಾಕಿದ ಬೆಣೆಯೊಂದನ್ನು ಬೆರಳ ಗೆಣ್ಣಿನಿಂದ ಟೊಕ್ ಟೊಕ್ ಅಂತ ತಟ್ಟಿ ನೋಡಿದ. ಗಟ್ಟಿಯಾಗಿತ್ತು. ಎದ್ದು ಹೋದ. ಮುದುಕರ ಅಭ್ಯಾಸವೇ ಹಾಗೆ, ಕಂಡದ್ದನ್ನೆಲ್ಲ ತಟ್ಟಿ ನೋಡುತ್ತಾರೆ.

ಊರವರು ಕಾಳಮ್ಮನನ್ನು ಬೈದರಂತೆ. ಇಷ್ಟು ವರ್ಷ ಕಾದವಳು ಹೆಸರನ್ನಾದರೂ ಕೇಳಬಾರದಿತ್ತೇ ಅಂತ. ಅವಳು ಅಂದಳಂತೆ, "ಕೇಳಿದ್ರ ಬ್ಯಾರೆ ಹೆಸರು ಹೇಳಿಬಿಟ್ಟಿದ್ರ?"

ಈಗ ಆ ರಾಜರಿಲ್ಲ, ಆ ಗಡಿಯಿಲ್ಲ. ಗಡಿಕಲ್ಲು ಒಂದಿದೆ, ದನ ಮೈ ತಿಕ್ಕಿಕೊಳ್ಳುತ್ತವೆ. ಕೆಳಗೆ ಸಿಮೆಂಟಿನ ಸೇತುವೆ ಆಗಿದೆ, ಲಾರಿ ಬಸ್ಸು ಅಲ್ಲಿ ಹೋಗುತ್ತವೆ. ನಮ್ಮ ಸೇತುವೆಯ ಪಕ್ಕ ಯಾರೋ ಬಂದು ಯುದ್ಧಕಾಲದ ಸೇತುವೆ, ಸಂರಕ್ಷಿತ ಅಂತ ಬೋರ್ಡು ನೆಟ್ಟಿದ್ದಾರೆ. ನೋಡಲು ಬಂದವರು ಇಷ್ಟು ಸಣ್ಣದೇ ಅಂತ ಕೇಳುತ್ತಾರೆ. ಸಣ್ಣದಾದ್ದರಿಂದಲೇ ನೀವು ನೋಡಲು ಅದು ಉಳಿದದ್ದು ಅಂತ ಹೇಳಿ ಕಳಿಸುತ್ತೇನೆ.

ಎರಡೂ ಊರಲ್ಲಿ ಚೊಚ್ಚಲಿಗೆ ತವರಿಗೆ ಬರುವ ಹೆಣ್ಣುಮಗಳು ಇಂದಿಗೂ ಆ ಸೇತುವೆಯ ಮೇಲೆ ನಡೆದೇ ಬರಬೇಕು, ಗುರುತಿನಲ್ಲಿ ಕೈ ಇಡಬೇಕು. ಆ ವರ್ಷ ಮಗಳನ್ನು ಕರೆತಂದ ಅಪ್ಪ ಒಂದು ಹಲಗೆ ಬದಲಿಸಬೇಕು. ನಾನು ಹಾಗೆ ಬಂದ ವರ್ಷ ನಮ್ಮಪ್ಪ ಹಾಕಿದ ಹಲಗೆ ಈ ಕಡೆಯಿಂದ ಏಳನೆಯದು. ಅದೂ ಯಾವಾಗಲೋ ಕೊಳೆತು ಹೋಯಿತು, ಬೇರೆ ಯಾರದೋ ಅಪ್ಪ ಬೇರೆ ಹಾಕಿದ. ತೊಲೆಗಳೂ ಎರಡು ಸಲ ಬದಲಾಗಿವೆ, ಗುರುತನ್ನು ಹಳೆಯದರಿಂದ ಅಳೆದು ಹೊಸದಕ್ಕೆ ಕೆತ್ತಿದ್ದಾರೆ. ಮೌನಪ್ಪ ಕೈಯಾರೆ ಕೂಡಿಸಿದ ಮರ ಒಂದು ಚೂರೂ ಉಳಿದಿಲ್ಲ. ಅಗಲ ಮಾತ್ರ ಅವನದೇ. ಏಳನೆಯ ಹಲಗೆ ಬಂದಾಗ ನನ್ನ ಕಾಲು ತಾನೇ ನಿಧಾನವಾಗುತ್ತದೆ.

ಇನ್ನೊಂದು ಇದೆ, ಇದನ್ನು ನೀವು ಮರೆಯಬಾರದು. ವಯಸ್ಸಾದವರು ಯಾರೇ ಆ ಕಡೆಯಿಂದ ಬಂದು ಸೇತುವೆಯ ತುದಿಯಲ್ಲಿ ಒಂದು ಗಳಿಗೆ ನಿಂತರೆ, ಯಾರ ಕಣ್ಣಿಗೆ ಬಿದ್ದರೋ ಅವರ ಮನೆಯಲ್ಲಿ ಅವರಿಗೆ ಊಟ. ಭಿಕ್ಷುಕನಿರಲಿ, ದಾರಿ ತಪ್ಪಿದವನಿರಲಿ. ಮೊನ್ನೆ ಬೆಳೆಗೆ ವಿಮೆ ಮಾಡಿಸಿ ಅಂತ ಬಂದಿದ್ದ ಬಿಳಿಗೂದಲಿನವನಿಗೂ ಹಾಕಿದ್ದೇವೆ, ಪಾಪ, ಅವನಿಗೆ ಯಾಕೆ ಅಂತ ತಿಳಿಯಲಿಲ್ಲ. ಊಟ ಆಗೈತೇನ್ರಿ ಅಂತ ಕೇಳುತ್ತೇವೆ, ಕೈಗೆ ನೀರು ಕೊಡುತ್ತೇವೆ, ರೊಟ್ಟಿ ಬಡಿಸುತ್ತೇವೆ, ಸೇತುವೆಯವರೆಗೆ ಹೋಗಿ ಕಳಿಸಿ ಬರುತ್ತೇವೆ.

ಹೆಸರು ಮಾತ್ರ ಕೇಳುವುದಿಲ್ಲ.